ಸುಸ್ತು, ಕಾಮಾಲೆ ಮತ್ತು ಹಿತ್ತಿಲ ಮದ್ದು



ಮಳೆ ಹಿಡಿಯಿತು ಅಂದರೆ ನಮ್ಮ ಹಿತ್ತಿಲಲ್ಲಿ ಒಂದು ಸಣ್ಣ ಗಿಡ ಏಳುತ್ತದೆ. ಅದನ್ನು ಯಾರೂ ನೆಡುವುದಿಲ್ಲ. ಯಾರೂ ಗೊಬ್ಬರ ಹಾಕುವುದಿಲ್ಲ. ಗೇಣುದ್ದ ಬೆಳೆಯುತ್ತದೆ. ಎಲೆ ನೋಡಿದರೆ ಹುಣಸೆ ಎಲೆಯ ಹಾಗೆ. ಎಲೆಯ ಕಡ್ಡಿಯ ಅಡಿಗೆ ಸಾಸಿವೆಗಿಂತ ತುಸು ದೊಡ್ಡ ಕಾಯಿಗಳು ಸಾಲಾಗಿ ಇರುತ್ತವೆ. ಯಾವ ಗಿಡ ಹೇಳಿ ನೋಡುವ? ಹೌದು, ನೆಲನೆಲ್ಲಿ.

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾರಿಗಾದರೂ ಕಣ್ಣು ಹಳದಿ ಆಯಿತು ಅಂದರೆ ಮೊದಲು ನೆನಪಾಗುವುದು ಇದೇ ಗಿಡ. ಬೇರು ಸಮೇತ ಕೀಳುತ್ತಾರೆ. ತೊಳೆದು, ಅರೆದು, ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಮೈ ಸುಸ್ತು ಅಂದರೆ ಅಮೃತಬಳ್ಳಿಯ ಕಷಾಯ. ಜ್ವರ ಬಿಟ್ಟ ಮೇಲೆ ಬಾಯಿ ಕಹಿ ಅಂದರೆ ಕಿರಾತಕಡ್ಡಿಯ ನೀರು. ಈಗ ಇವೆಲ್ಲ ಬಾಟಲಿಯಲ್ಲೂ ಡಬ್ಬಿಯಲ್ಲೂ ಬಂದಿವೆ. ಲಿವರ್ ಟಾನಿಕ್, ಶಕ್ತಿಯ ಪುಡಿ, ರಕ್ತ ಶುದ್ಧಿಯ ಮಾತ್ರೆ ಅಂತ ಹೆಸರು. ಸಂತೆಯಲ್ಲಿ ಸಿಗುತ್ತವೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುತ್ತವೆ. ಮೊಬೈಲ್ ಒತ್ತಿದರೆ ಮನೆಗೇ ಬರುತ್ತವೆ.

ಕಲಿಕಾ ಕೇಂದ್ರದಲ್ಲಿ ಈ ಮಾತು ಎತ್ತಿದರೆ ಸಾಕು, ಒಬ್ಬೊಬ್ಬರೂ ಒಂದೊಂದು ಮದ್ದು ಹೇಳುತ್ತಾರೆ. ಕೊನೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಸೊಪ್ಪು ತಾನೆ ಟೀಚರ್? ತಿಂದರೆ ಎಂಥ ಆಗ್ತದೆ?"

ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ. ನಿಧಾನವಾಗಿ ಓದುವ.

ಲಿವರ್ ಮಾಡುವ ಕೆಲಸ

ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಕೈ ಇಡಿ. ಅಲ್ಲಿ ಒಳಗೆ ಲಿವರ್ ಇದೆ. ಪುಸ್ತಕದಲ್ಲಿ ಅದಕ್ಕೆ ಯಕೃತ್ತು, ಪಿತ್ತಜನಕಾಂಗ ಎಂದು ಬರೆಯುತ್ತಾರೆ. ಕುರಿ, ಕೋಳಿಯದಾದರೆ ನಾವು ಈಲಿ ಅನ್ನುತ್ತೇವೆ. ದೊಡ್ಡವರ ಲಿವರ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ.

ನಾವು ಉಂಡದ್ದು, ಕುಡಿದದ್ದು ಹೊಟ್ಟೆ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆ ರಕ್ತ ಮೊದಲು ಹೋಗುವುದು ಲಿವರಿಗೆ. ಲಿವರ್ ಅಲ್ಲಿ ಆರಿಸುತ್ತದೆ, ಅಕ್ಕಿ ಆರಿಸಿದ ಹಾಗೆ. ಬೇಕಾದ್ದನ್ನು ಇಟ್ಟುಕೊಳ್ಳುತ್ತದೆ, ವಿಷವನ್ನು ಮುರಿದು ಹೊರಗೆ ಹಾಕುತ್ತದೆ. ಎಣ್ಣೆ ಜಿಡ್ಡು ಕರಗಲು ಬೇಕಾದ ಪಿತ್ತವನ್ನೂ ಅದೇ ಮಾಡುತ್ತದೆ.

ಇನ್ನೊಂದು ಕೆಲಸವೂ ಇದೆ. ನಮ್ಮ ರಕ್ತದಲ್ಲಿ ಕೆಂಪು ಕಣಗಳಿವೆ. ಒಂದು ಕಣದ ಆಯುಷ್ಯ ಸುಮಾರು 120 ದಿನ. ಹಳೆಯ ಕಣ ಒಡೆದಾಗ ಹಳದಿ ಬಣ್ಣದ ಒಂದು ಕಸ ಹುಟ್ಟುತ್ತದೆ. ಅದನ್ನು ಗುಡಿಸಿ ಪಿತ್ತದ ಜೊತೆ ಹೊರಗೆ ಕಳಿಸುವುದೂ ಲಿವರೇ. ಲಿವರ್ ಸೋತರೆ ಆ ಹಳದಿ ಕಸ ರಕ್ತದಲ್ಲೇ ಉಳಿಯುತ್ತದೆ. ಕಣ್ಣು ಹಳದಿ ಆಗುತ್ತದೆ. ಮೂತ್ರ ಗಾಢ ಹಳದಿ ಆಗುತ್ತದೆ. ಇದೇ ಕಾಮಾಲೆ. ಅಡುಗೆಗೆ ಹಾಕುವ ಅರಿಶಿನಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾಮಾಲೆ ಬಂದವರ ಮನೆಯಲ್ಲಿ ಅರಿಶಿನದ ಡಬ್ಬಿಯನ್ನೇ ಅಡಗಿಸಿ ಇಡುತ್ತಾರಲ್ಲ, ಅದು ಬೇಕಾಗಿಲ್ಲ.

ಈಗ ಒಂದು ಮಾತು ಗಮನಿಸಿ. ಇಂಗ್ಲಿಷ್ ಮಾತ್ರೆ ಇರಲಿ, ನೆಲನೆಲ್ಲಿ ರಸ ಇರಲಿ, ಟಾನಿಕ್ ಇರಲಿ, ಎಲ್ಲವನ್ನೂ ಅರಗಿಸುವುದು ಲಿವರೇ. ಲಿವರಿಗೆ ಮದ್ದು ಅಂತ ಕುಡಿದರೂ ಆ ಮದ್ದಿನ ಭಾರ ಹೊರುವುದು ಲಿವರೇ. ಲಿವರ್ ಗಟ್ಟಿ ಇದ್ದಾಗ ಹೊರುತ್ತದೆ. ಮೊದಲೇ ಸೋತಿದ್ದರೆ?

ಕಾಮಾಲೆ ಯಾಕೆ ಬರುತ್ತದೆ?

ಕಾಮಾಲೆ ಅನ್ನುವುದು ಒಂದು ರೋಗದ ಹೆಸರಲ್ಲ. ಜ್ವರದ ಹಾಗೆ ಅದು ಒಂದು ಲಕ್ಷಣ. ಕಾರಣ ಬೇರೆ ಬೇರೆ ಇರುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಕಾಣುವ ಕಾಮಾಲೆ ಹೆಚ್ಚಾಗಿ ನೀರಿನಿಂದ ಬರುತ್ತದೆ. ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ ಎಂಬ ಎರಡು ವೈರಸ್ ಇವೆ. ರೋಗಿಯ ಮಲದಿಂದ ಇವು ನೀರಿಗೆ ಸೇರುತ್ತವೆ. ಮಳೆನೀರು ಹರಿದು ಬಾವಿಗೆ ಬಿದ್ದರೆ, ಆ ನೀರನ್ನು ಕುದಿಸದೆ ಕುಡಿದರೆ, ಮನೆಮಂದಿಗೆಲ್ಲ ಬರಬಹುದು. ನೀರು ಬೆಚ್ಚಗಾದರೆ ಸಾಲದು, ಗುಳುಗುಳು ಕುದಿಯಬೇಕು.

ಈ ಎರಡು ಕಾಮಾಲೆಗೆ ಒಂದು ಗುಣ ಇದೆ. ಹೆಚ್ಚಿನವರಲ್ಲಿ ಅದು ಕೆಲವು ವಾರಗಳಲ್ಲಿ ತನ್ನಷ್ಟಕ್ಕೇ ಹೋಗುತ್ತದೆ. ವಿಶ್ರಾಂತಿ ಬೇಕು, ಊಟ ಬೇಕು, ನೀರು ಬೇಕು, ಅಷ್ಟೆ. ನೆಲನೆಲ್ಲಿ ಕುಡಿದವರೂ ಗುಣವಾಗುತ್ತಾರೆ. ಕುಡಿಯದವರೂ ಗುಣವಾಗುತ್ತಾರೆ. ಕುಡಿದವರು ಗಿಡಕ್ಕೆ ಕೈ ಮುಗಿಯುತ್ತಾರೆ. ಮದ್ದು ಕೊಟ್ಟವರ ಹೆಸರು ಹತ್ತು ಊರಿಗೆ ಹಬ್ಬುತ್ತದೆ. ಆ ಗಿಡ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಗುಣ ಮಾಡಿದ್ದು ಯಾವುದು ಅಂತ ಕೇಳುತ್ತಿದ್ದೇನೆ.

ಆದರೆ ಬಸುರಿಯರ ವಿಷಯ ಬೇರೆ. ಇದನ್ನು ಎರಡು ಸಲ ಓದಿ. ಬಸುರಿಯ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ 100ರಲ್ಲಿ 20ರಿಂದ 25 ಮಂದಿ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕೈದು ಬಸುರಿಯರಲ್ಲಿ ಒಬ್ಬಳು! ಅಂಥವಳಿಗೆ ಏಳು ದಿನ ರಸ ಕುಡಿಸಿ ನೋಡುವ, ಆಮೇಲೆ ಡಾಕ್ಟರು ಅಂದರೆ ಆಗುವುದಿಲ್ಲ. ಕಣ್ಣು ಹಳದಿ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಕಾಮಾಲೆ ಹೆಪಟೈಟಿಸ್ ಬಿ. ಇದು ನೀರಿನಿಂದ ಬರುವುದಿಲ್ಲ. ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ಗಂಡ ಹೆಂಡಿರ ಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಕೆಲವರಲ್ಲಿ ಇದು ಹೋಗುವುದೇ ಇಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಲಿವರನ್ನು ತಿನ್ನುತ್ತದೆ. ಕಣ್ಣು ಹಳದಿ ಹೋಯಿತು, ರೋಗ ಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ರಕ್ತ ಪರೀಕ್ಷೆ ಮಾಡದೆ ಅದು ಗೊತ್ತಾಗುವುದಿಲ್ಲ. ಮಗು ಹುಟ್ಟಿದ 24 ಗಂಟೆಯೊಳಗೆ ಇದಕ್ಕೆ ಲಸಿಕೆ ಹಾಕಬೇಕು. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಇಲ್ಲ. 2018ರಿಂದ ಕೇಂದ್ರ ಸರಕಾರದ ಒಂದು ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ರೋಗದ ಪರೀಕ್ಷೆ, ಔಷಧ ಕೂಡ ಉಚಿತ.

ಸಾರಾಯಿಯಿಂದಲೂ ಕಾಮಾಲೆ ಬರುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಅದು ನಿಮಗೇ ಗೊತ್ತು. ಗಂಡ ಸಂಜೆ ಕುಡಿದು ಬರುತ್ತಾನೆ, ಹೆಂಡತಿ ಬೆಳಗ್ಗೆ ಲಿವರ್ ಟಾನಿಕ್ ಕೊಡುತ್ತಾಳೆ. ಲಿವ್ 52 ಎಂಬ ಮಾತ್ರೆ 1955ರಿಂದ ಪೇಟೆಯಲ್ಲಿದೆ. ಕುಡಿತದಿಂದ ಲಿವರ್ ಕೆಟ್ಟವರಿಗೆ ಅದನ್ನು ಕೊಟ್ಟು ಶ್ರೀಲಂಕಾದಲ್ಲಿ ಪರೀಕ್ಷೆ ಮಾಡಿದರು. ಮಾತ್ರೆ ತಿಂದವರಿಗೂ ಬರೀ ತೋರಿಕೆಯ ಮಾತ್ರೆ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ ಎಂದು 2003ರಲ್ಲಿ ಬರೆದರು. ಕುಡಿತ ಬಿಡದೆ ಟಾನಿಕ್ ಕುಡಿದರೆ ಟಾನಿಕ್ಕಿನ ದುಡ್ಡೂ ಹೋಯಿತು ಅಂತ ಲೆಕ್ಕ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಪರೀಕ್ಷಿಸಿದ ಕತೆ

ನಮ್ಮ ಹಿತ್ತಿಲ ಗಿಡ ಒಮ್ಮೆ ಲೋಕದ ಕಣ್ಣಿಗೆ ಬಿತ್ತು. ಮದರಾಸಿನ ವಿಜ್ಞಾನಿಗಳು ಹೆಪಟೈಟಿಸ್ ಬಿ ಇದ್ದವರಿಗೆ 30 ದಿನ ನೆಲನೆಲ್ಲಿ ಕೊಟ್ಟು ನೋಡಿದರು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಬಹುಮಾನ ಪಡೆದ ಬ್ಲೂಮ್‌ಬರ್ಗ್ ಎಂಬವರೂ ಅವರ ಜೊತೆಗಿದ್ದರು. 1988ರಲ್ಲಿ ಫಲಿತಾಂಶ ಹೊರಗೆ ಬಂತು. ಗಿಡದ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ತೋರಿಕೆಯ ಪುಡಿ ತಿಂದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗೆ ಆಗಿತ್ತು.

ದೊಡ್ಡ ಸುದ್ದಿ! ಆಮೇಲೆ ಬೇರೆ ಊರು, ಬೇರೆ ದೇಶದವರೂ ಮಾಡಿ ನೋಡಿದರು. ಆ ಫಲ ಮತ್ತೆ ಹಾಗೆ ಸಿಗಲಿಲ್ಲ. 2011ರಲ್ಲಿ ಎಲ್ಲ ಪರೀಕ್ಷೆಗಳನ್ನೂ ಕೂಡಿಸಿ ಲೆಕ್ಕ ಹಾಕಿದಾಗ ನಂಬುವಂಥ ಪುರಾವೆ ಸಾಲದು ಎಂದು ತಿಳಿಯಿತು.

ನನಗೆ ಈ ಕತೆ ಬಹಳ ಇಷ್ಟ. ನಮ್ಮ ಅಜ್ಜಿಯರ ಮದ್ದನ್ನು ಯಾರೂ ನಗೆ ಮಾಡಲಿಲ್ಲ. ಗೌರವದಿಂದ ಕೈಗೆತ್ತಿಕೊಂಡರು, ಒರೆಗೆ ಹಚ್ಚಿದರು. ಚಿನ್ನವನ್ನು ನಾವು ಒರೆಗೆ ಹಚ್ಚುವುದಿಲ್ಲವೆ?

ಅಮೃತಬಳ್ಳಿಯ ವಿಷಯ

2020ರಲ್ಲಿ ಕೊರೋನಾ ಬಂತು. ಎಲ್ಲರ ಮನೆಯಲ್ಲೂ ಕಷಾಯ ಕುದಿಯಿತು. ಅಮೃತಬಳ್ಳಿ ಹುಡುಕಿದರೂ ಸಿಗದ ಹಾಗೆ ಆಯಿತು. ಕೆಲವರು ಒಂದು ವಾರ ಕುಡಿದರು. ಕೆಲವರು ತಿಂಗಳುಗಟ್ಟಲೆ ಕುಡಿದರು, ದಿನಾ.

ಆಗ ಮುಂಬಯಿಯ ಡಾಕ್ಟರುಗಳಿಗೆ ಒಂದು ವಿಚಿತ್ರ ಕಂಡಿತು. ಕಾಮಾಲೆ ಅಂತ ಬಂದ ಆರು ಮಂದಿಗೆ ವೈರಸ್ ಇರಲಿಲ್ಲ. ಎಲ್ಲರೂ ಅಮೃತಬಳ್ಳಿ ತಿಂದಿದ್ದರು. 2021ರಲ್ಲಿ ಇದನ್ನು ಬರೆದರು. ಮರುವರ್ಷ ದೇಶದ 13 ಆಸ್ಪತ್ರೆಗಳವರು ಸೇರಿ ಇಂಥ 43 ರೋಗಿಗಳ ಲೆಕ್ಕ ಕೊಟ್ಟರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಕೆಲವರಿಗೆ ಮೊದಲೇ ಸಕ್ಕರೆ ಕಾಯಿಲೆ, ಥೈರಾಯ್ಡ್, ಲಿವರಿನ ತೊಂದರೆ ಇತ್ತು. ಬಳ್ಳಿ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಕೇಂದ್ರದ ಆಯುಷ್ ಇಲಾಖೆ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದರ ಹಾಗೇ ಕಾಣುವ ಬೇರೆ ಬಳ್ಳಿಯನ್ನು ಜನ ತಿಂದಿರಬಹುದು, ಅದರ ಕಾಂಡದ ಮೇಲೆ ಗಂಟುಗಂಟು ಇರುತ್ತದೆ ಎಂದು ಹೇಳಿತು. ಡಾಕ್ಟರುಗಳು ತಮ್ಮ ಮಾತು ಬಿಡಲಿಲ್ಲ. ಇಬ್ಬರ ವಾದ ಏನೇ ಇರಲಿ, ನಮಗೆ ಬೇಕಾದ್ದು ಇಷ್ಟು. ಬಳ್ಳಿ ಯಾವುದು ಅಂತ ಖಚಿತ ಗೊತ್ತಿಲ್ಲದೆ ಮುಟ್ಟಬಾರದು. ತಿಂಗಳುಗಟ್ಟಲೆ ಕುಡಿಯಬಾರದು. ಮೊದಲೇ ಕಾಯಿಲೆ ಇದ್ದವರು ಕೇಳದೆ ಕುಡಿಯಬಾರದು.

ಉಪ್ಪಾಗೆ ಹೇಳುವ ಪಾಠ

ಉಪ್ಪಾಗೆ ಯಾರಿಗೆ ಗೊತ್ತಿಲ್ಲ? ಹೊನ್ನಾವರ, ಕುಮಟಾದ ಘಟ್ಟದ ಬುಡದವರಿಗೆ ಅದು ಮನೆ ಮಾತು. ಮಳೆಯಲ್ಲಿ ಹಣ್ಣಾಗುತ್ತದೆ. ಹಣ್ಣು ಹೆಕ್ಕಿ ತಂದು, ಬೀಜ ತೆಗೆದು, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಕಪ್ಪಾಗುವ ತನಕ ಒಣಗಿಸುತ್ತೇವೆ. ಬಿಸಿಲೇ ಇಲ್ಲದ ದಿನ, ಕಟ್ಟಿಗೆ ರಾಶಿ ಬೇಕು. ಹೊಗೆಗೆ ಕಣ್ಣು ಉರಿದದ್ದು ಹೆಂಗಸರದೇ. ಸಿಪ್ಪೆ ಮೀನು ಸಾರಿಗೆ ಹುಳಿ. ಬೀಜದಿಂದ ತುಪ್ಪ.

1990ರ ದಶಕದಲ್ಲಿ ಈ ಸಿಪ್ಪೆಗೆ ಎಲ್ಲಿಲ್ಲದ ಬೇಡಿಕೆ ಬಂತು. ವ್ಯಾಪಾರಿಗಳು ಊರೂರಿಗೆ ಬಂದರು. ಕಾಯಿ ಬಲಿಯುವ ಮೊದಲೇ ಕೊಯ್ದವರುಂಟು, ಕೊಂಬೆ ಕಡಿದವರುಂಟು. ಅಷ್ಟು ಹುಳಿ ಯಾರಿಗೆ ಬೇಕಿತ್ತು? ಅದು ಸಾರಿಗೆ ಹೋಗಲಿಲ್ಲ. ವಿದೇಶಕ್ಕೆ ಹೋಯಿತು. ಸಿಪ್ಪೆಯೊಳಗಿನ ಹುಳಿಯ ಸಾರವನ್ನು ತೆಗೆದು, ಗಟ್ಟಿ ಮಾಡಿ, ಮೈ ತೆಳ್ಳಗಾಗುವ ಮಾತ್ರೆ ಮಾಡಿದರು. ಗಿಡಮೂಲಿಕೆಯದು, ಏನೂ ಆಗುವುದಿಲ್ಲ ಎಂದು ಮಾರಿದರು.

2009ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು. ಹೈಡ್ರಾಕ್ಸಿಕಟ್ ಎಂಬ ತೆಳ್ಳಗಾಗುವ ಮಾತ್ರೆಗಳನ್ನು ಕೂಡಲೇ ನಿಲ್ಲಿಸಿ ಎಂದಿತು. ಅದನ್ನು ತಿಂದವರಲ್ಲಿ 23 ಮಂದಿಗೆ ಗಂಭೀರ ತೊಂದರೆಯಾದ ವರದಿ ಬಂದಿತ್ತು. ಕೆಲವರಿಗೆ ಲಿವರನ್ನೇ ಬದಲಿಸಬೇಕಾಯಿತು. ಒಬ್ಬ ತರುಣ ತೀರಿಹೋಗಿದ್ದ. ಆ ಮಾತ್ರೆಯಲ್ಲಿ ಹಲವು ವಸ್ತುಗಳಿದ್ದವು. ಕೆಲವು ಬಗೆಯಲ್ಲಿ ಉಪ್ಪಾಗೆಯ ಸಾರವೂ ಇತ್ತು. ಆಮೇಲೆ ಉಪ್ಪಾಗೆಯ ಸಾರ ಮಾತ್ರ ಇದ್ದ ಮಾತ್ರೆ ತಿಂದವರಲ್ಲೂ ಲಿವರ್ ಕೆಟ್ಟ ಉದಾಹರಣೆಗಳು ಸಿಕ್ಕಿವೆ.

ಹೆದರಿ ಮೀನು ಸಾರಿಗೆ ಉಪ್ಪಾಗೆ ಹಾಕುವುದನ್ನು ಬಿಡಬೇಡಿ! ಸಾರಿಗೆ ಹಾಕುವುದು ಎರಡು ಮೂರು ಸಿಪ್ಪೆ, ಮನೆಮಂದಿಯೆಲ್ಲ ಹಂಚಿ ಉಣ್ಣುವುದು. ಮಾತ್ರೆಯಲ್ಲಿ ಇರುವುದು ಹಿಂಡಿ ಗಟ್ಟಿ ಮಾಡಿದ ಸಾರ, ಅದೂ ದಿನಕ್ಕೆ ಮೂರು ಹೊತ್ತು. ಅರಿಶಿನವೂ ಹೀಗೇ. ಸಾರಿಗೆ ಒಂದು ಚಿಟಿಕೆ ಬೇರೆ, ಕಾಳುಮೆಣಸಿನ ಸಾರ ಕೂಡಿಸಿದ ಅರಿಶಿನದ ಗುಳಿಗೆ ಬೇರೆ. ಅಂಥ ಗುಳಿಗೆಯಿಂದಲೂ ಕೆಲವರ ಲಿವರ್ ಊದಿದ್ದು ವರದಿಯಾಗಿದೆ. ಅಡುಗೆಮನೆಯಲ್ಲಿ ಒಗ್ಗಿದ ವಸ್ತು ಗುಳಿಗೆಯಾದರೆ ಅದರ ನಡತೆಯೇ ಬದಲಾಗುತ್ತದೆ.

ಹಾಗಾದರೆ ಸುಸ್ತು ಯಾಕೆ?

"ಟೀಚರ್, ನನಗೆ ಕಾಮಾಲೆ ಇಲ್ಲ. ಬರೀ ಸುಸ್ತು." ಇದನ್ನು ಹೇಳದ ಹೆಂಗಸು ಅಪರೂಪ. ಬೆಳಗ್ಗೆ ಏಳುವಾಗಲೇ ಮೈ ಭಾರ. ಬಾವಿಯಿಂದ ಎರಡು ಕೊಡ ನೀರು ಎತ್ತಿದರೆ ಏದುಸಿರು. ಮೀನು ಬುಟ್ಟಿ ಹೊತ್ತವರಿಗೂ ಹಾಗೆ, ಅಡಿಕೆ ಸುಲಿಯುವವರಿಗೂ ಹಾಗೆ. ಲಿವರ್ ವೀಕ್ ಇರಬೇಕು ಎಂದು ಯಾರೋ ಹೇಳುತ್ತಾರೆ. ಮುನ್ನೂರು ರೂಪಾಯಿಯ ಡಬ್ಬಿ ಮನೆಗೆ ಬರುತ್ತದೆ.

ಲಿವರ್ ಕೆಟ್ಟರೆ ಸುಸ್ತಾಗುವುದು ನಿಜ. ಆದರೆ ನಮ್ಮ ಹೆಂಗಸರ ಸುಸ್ತಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಾದ ಕಾರಣ ರಕ್ತ ಕಡಿಮೆ ಇರುವುದು. ಸರಕಾರ 2019ರಿಂದ 2021ರವರೆಗೆ ಮನೆ ಮನೆಯ ಆರೋಗ್ಯ ಸಮೀಕ್ಷೆ ಮಾಡಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಲೆಕ್ಕ ಹಾಕಿ, ಇಬ್ಬರಲ್ಲಿ ಒಬ್ಬಳು ಎಂದ ಹಾಗೆ. ನೀವು ಪಕ್ಕದಲ್ಲಿ ಕೂತವಳ ಮುಖ ನೋಡುತ್ತಿದ್ದೀರಿ, ಅಲ್ಲವೆ?

ರಕ್ತ ಕಡಿಮೆ ಆಗಲು ಕಾರಣ ಹಲವು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು. ಒಂದರ ಹಿಂದೆ ಒಂದು ಹೆರಿಗೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ. ಕೊಕ್ಕೆಹುಳುವೂ ಒಂದು ಕಾರಣ. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿದರೆ ಅದರ ಮರಿ ಕಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಚಪ್ಪಲಿ ಹಾಕಿ.

ಬೆರಳಿನಿಂದ ಒಂದು ಹನಿ ರಕ್ತ ತೆಗೆದರೆ ವಿಷಯ ತಿಳಿಯುತ್ತದೆ. ಹಿಮೋಗ್ಲೋಬಿನ್ 12 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಬಸುರಿಗೆ 11 ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಕಡಿಮೆ ಇದ್ದರೆ ಕಬ್ಬಿಣದ ಕೆಂಪು ಮಾತ್ರೆ ಉಚಿತವಾಗಿ ಕೊಡುತ್ತಾರೆ. ಚಹಾದ ಜೊತೆ ಅದನ್ನು ತಿನ್ನಬೇಡಿ, ಚಹಾ ಕಬ್ಬಿಣವನ್ನು ಹಿಡಿದಿಡುತ್ತದೆ. ಲಿಂಬೆ ಪಾನಕ, ನೆಲ್ಲಿಕಾಯಿ ಜೊತೆಯಾದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಗೆ ಹೋಗುತ್ತದೆ, ಅದಕ್ಕೆ ಹೆದರಿ ಮಾತ್ರೆಯನ್ನು ತೋಟಕ್ಕೆ ಎಸೆಯಬೇಡಿ. ಎಸೆದವರು ಯಾರು ಅಂತ ನಾನು ಕೇಳುವುದಿಲ್ಲ. ನುಗ್ಗೆ ಸೊಪ್ಪು, ಹರಿವೆ, ಬಸಳೆ, ಮೀನು, ಹೆಸರುಕಾಳು, ಇವೂ ಬೇಕು. ಇವು ಡಬ್ಬಿಗಿಂತ ಅಗ್ಗ.

ರಕ್ತ ಸರಿ ಇದ್ದೂ ಸುಸ್ತು ಇದ್ದರೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇರಬಹುದು. ಡಾಕ್ಟರು ನೋಡಿ ಹೇಳಬೇಕು. ಕೆಲವೊಮ್ಮೆ ಕಾರಣ ನಿದ್ದೆ ಇಲ್ಲದ್ದು, ಮನಸ್ಸಿನ ಭಾರ, ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗಿನ ಕೆಲಸ. ಅದಕ್ಕೆ ಯಾವ ಬಳ್ಳಿಯೂ ಮದ್ದಲ್ಲ, ಮನೆಯವರು ಕೈ ಕೂಡಿಸಬೇಕು.

ಬಾಟಲಿಯನ್ನು ತಿರುಗಿಸಿ ಓದಿ

ಈಗ ನಿಮಗೆ ಓದು ಬಂದಿದೆ. ಡಬ್ಬಿಯ ಮುಂದಿನ ಚಿತ್ರ ನೋಡಿ ಕೊಳ್ಳಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಇಂಗ್ಲಿಷ್ ಇದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ. ಅಂಕಿಯನ್ನಂತೂ ನೀವೇ ಓದಬಹುದು.

ಆಯುರ್ವೇದ ಔಷಧವಾದರೆ ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರು, ಒಳಗೆ ಏನೇನಿದೆ, ಮಾಡಿದ ತಾರೀಕು, ಮುಗಿಯುವ ತಾರೀಕು ಇರಬೇಕು. ಆಹಾರದ ಪೂರಕ ಎಂದು ಮಾರುವ ಡಬ್ಬಿಯ ಮೇಲೆ ಆಹಾರ ಇಲಾಖೆಯ 14 ಅಂಕಿಯ ನಂಬರು ಇರಬೇಕು. ಇನ್ನೊಂದು ಮಾತೂ ಇರಬೇಕು: ಇದು ಔಷಧವಾಗಿ ಬಳಸುವುದಕ್ಕಲ್ಲ. ಅದನ್ನು ಹುಡುಕಿ ನೋಡಿ. ಮುಂದುಗಡೆ ಲಿವರಿಗೆ ಒಳ್ಳೆಯದು, ಹಿಂದುಗಡೆ ಔಷಧವಲ್ಲ! ಯಾವ ಚೀಟಿಯೂ ಇಲ್ಲದ ಪುಡಿಯನ್ನು ಕೊಳ್ಳಲೇಬೇಡಿ. ಅಂಥ ಪುಡಿಯಲ್ಲಿ ಸೀಸ, ಪಾದರಸ, ಸ್ಟೀರಾಯ್ಡ್ ಸಿಕ್ಕಿದ ಉದಾಹರಣೆಗಳಿವೆ. ಸ್ಟೀರಾಯ್ಡ್ ತಿಂದರೆ ಎರಡು ದಿನ ಮೈ ಹಗುರ ಅನಿಸುತ್ತದೆ. ಮೋಸ ಇರುವುದೇ ಅಲ್ಲಿ.

ಕಣ್ಣು ಹಳದಿಯಾದರೆ

ಬರೆ ಹಾಕಿಸಬೇಡಿ. ಕೂಸಿಗಂತೂ ಬೇಡವೇ ಬೇಡ. ಕಣ್ಣಿಗೆ, ಮೂಗಿಗೆ ರಸ ಹಿಂಡಿಸಬೇಡಿ. ಬರೀ ಗಂಜಿ ಕೊಟ್ಟು ಒಣಗಿಸಬೇಡಿ, ಸೇರಿದಷ್ಟು ಎಲ್ಲ ಊಟ ಕೊಡಿ. ರಕ್ತ ಪರೀಕ್ಷೆ ಮಾಡಿಸಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ತಾಲೂಕು ಆಸ್ಪತ್ರೆ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ.

ರೋಗಿ ಹಗಲೆಲ್ಲ ಮಂಪರಿನಲ್ಲಿದ್ದರೆ, ಮಾತು ತೊದಲಿದರೆ, ಮನೆಯವರ ಗುರುತು ತಪ್ಪಿದರೆ, ವಾಂತಿ ನಿಲ್ಲದಿದ್ದರೆ, ವಾಂತಿಯಲ್ಲಿ ರಕ್ತ ಬಂದರೆ, ಹೊಟ್ಟೆ ಊದಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಡಾಕ್ಟರ ಹತ್ತಿರ ಹೋದಾಗ ಯಾವ ಸೊಪ್ಪು, ಯಾವ ಕಷಾಯ, ಎಷ್ಟು ದಿನ ಕುಡಿದಿರಿ ಎಂದು ಹೇಳಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಹೆಸರು ಮಾತ್ರ ಹೇಳಿದರೆ ಸಾಲದು, ಯಾಕೆಂದರೆ ಒಂದೇ ಹೆಸರಿಗೆ ಎರಡು ಗಿಡ ಇರುತ್ತವೆ. ನಾವು ಕಿರಾತಕಡ್ಡಿ ಅನ್ನುವುದು ನಮ್ಮ ನೆಲದ ಗಿಡ, ಹಿಮಾಲಯದ ಕಡೆಯವರು ಕಿರಾತ ಅನ್ನುವುದು ಬೇರೆಯೇ ಗಿಡ. ನೆಲನೆಲ್ಲಿಯಲ್ಲೂ ಹಸಿರು ಕಡ್ಡಿಯದು, ಕೆಂಪು ಕಡ್ಡಿಯದು ಎಂದು ಎರಡು ಮೂರು ಜಾತಿ. ಆದ್ದರಿಂದ ಹೊರಡುವಾಗ ಆ ಗಿಡದ ಒಂದು ಟಿಸಿಲು ಮುರಿದು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿ. ಬಾಟಲಿಯದಾದರೆ ಬಾಟಲಿಯನ್ನೇ ಹಿಡಿದುಕೊಂಡು ಹೋಗಿ. ಕುಡಿಯಲು ಶುರು ಮಾಡಿದ ತಾರೀಕನ್ನು ಒಂದು ಚೀಟಿಯಲ್ಲಿ ನೀವೇ ಬರೆದು ಅದರ ಜೊತೆ ಇಡಿ.